ಲೈಸೆನ್ಸಿನವರೆಗಿನ ಪಾಠ: ಮುಂಬೈಯಲ್ಲಿ ಡ್ರೈವಿಂಗ್ ಕಲಿಕೆಯ ಕಥೆ

ಮುಂಬೈಗೆ ಮೋಟಾರು ಕಾರು ಬಂದದ್ದು 19ನೆಯ ಶತಮಾನದ ಕಡೆಯ ವರ್ಷಗಳಲ್ಲಿ. ಕೊಂಡವರು ಸಿರಿವಂತರು, ಓಡಿಸಿದವರು ಹೆಚ್ಚಾಗಿ ಅವರ ಸಂಬಳದಾಳುಗಳು. ಕುದುರೆಗಾಡಿಯ ಕಾಲದಲ್ಲಿ ಲಗಾಮು ಹಿಡಿಯುವುದು ಆಳಿನ ಕೆಲಸವಾಗಿದ್ದಂತೆ ಸ್ಟಿಯರಿಂಗ್ ಹಿಡಿಯುವುದೂ ಆಳಿನ ಕೆಲಸವೇ ಆಯಿತು. ಕಲಿಯುವ ದಾರಿಯೂ ಅದಕ್ಕೆ ತಕ್ಕಂತೆ ರೂಪುಗೊಂಡಿತು. ಹುಡುಗ ಮೊದಲು ಕ್ಲೀನರ್ ಆಗಿ ಸೇರಿ ಗಾಡಿ ತೊಳೆಯಬೇಕು, ರೇಡಿಯೇಟರಿಗೆ ನೀರು ಹೊಯ್ಯಬೇಕು, ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸಬೇಕು, ಉಸ್ತಾದನ ಪಕ್ಕದಲ್ಲಿ ಕೂತು ಅವನ ಕೈಕಾಲು ನೋಡಬೇಕು. ಉಸ್ತಾದ ಮನಸ್ಸು ಮಾಡಿದ ದಿನ ಖಾಲಿ ಮೈದಾನದಲ್ಲಿ ಗಾಡಿ ಕೈಗೆ ಸಿಗುತ್ತಿತ್ತು. ಈ ಪದ್ಧತಿಗೆ ಪುಸ್ತಕವಿರಲಿಲ್ಲ, ಬೈಗುಳ ಧಾರಾಳವಾಗಿತ್ತು. ಆದರೆ ಕಾಲಾವಕಾಶ ಇತ್ತು. ಮಳೆ, ರಾತ್ರಿ, ಘಟ್ಟದ ಇಳಿಜಾರು ಎಲ್ಲವನ್ನೂ ಕ್ಲೀನರ್ ಮೊದಲು ಕಣ್ಣಿನಲ್ಲಿ ಕಲಿತು ಆಮೇಲೆ ಕೈಯಲ್ಲಿ ಕಲಿಯುತ್ತಿದ್ದ. ಮುಂದೆ ಬಂದ ಯಾವ ಪಾಠಪಟ್ಟಿಯೂ ಅಷ್ಟು ಹೊತ್ತು ಕೊಟ್ಟಿಲ್ಲ.

ಭಾರತಕ್ಕೆಲ್ಲ ಅನ್ವಯಿಸುವ ಮೊದಲ ಮೋಟಾರು ವಾಹನ ಕಾಯ್ದೆ 1914ರದು. ಅದರ ಜಾಗಕ್ಕೆ ಬಂದ 1939ರ ಕಾಯ್ದೆ ಸಾರ್ವಜನಿಕ ಸ್ಥಳದಲ್ಲಿ ವಾಹನ ಓಡಿಸಲು 18 ವರ್ಷ, ಬಾಡಿಗೆ ಮತ್ತು ಸಾಗಣೆಯ ವಾಹನಗಳಿಗೆ 20 ವರ್ಷ ತುಂಬಿರಬೇಕೆಂದಿತು. ಹದಿಹರೆಯದವರ ವಿಷಯದಲ್ಲಿ ಕಾನೂನು ಹಿಡಿದ ದಾರಿ ಇಲ್ಲೇ ಗೊತ್ತಾಗುತ್ತದೆ. ಅದು ವಯಸ್ಸಿನ ಗೆರೆ ಎಳೆದು, ಗೆರೆಯ ಈಚೆಗಿರುವವನಿಗೆ ಏನು ಕಲಿಸಬೇಕೆಂಬುದನ್ನು ಬಿಟ್ಟುಬಿಟ್ಟಿತು. ಆ ಕೊರತೆಯನ್ನು ಅಷ್ಟಿಷ್ಟು ತುಂಬಿದ್ದು ಶಾಲೆಗಳ ‘ರೋಡ್ ಸೇಫ್ಟಿ ಪ್ಯಾಟ್ರೋಲ್’. ಮುಂಬೈಯ ಶಾಲೆಗಳಲ್ಲಿ ಆರ್‌ಎಸ್‌ಪಿ ಎಂದೇ ಹೆಸರಾದ ಈ ದಳದ ಮಕ್ಕಳು ಸಮವಸ್ತ್ರ ತೊಟ್ಟು, ಸೀಟಿ ಹಿಡಿದು, ಟ್ರಾಫಿಕ್ ಪೊಲೀಸರಿಂದ ಕೈಸನ್ನೆ ಕಲಿತು ಕಿರಿಯರನ್ನು ರಸ್ತೆ ದಾಟಿಸುತ್ತಾರೆ. ಒಳ್ಳೆಯ ಶಿಕ್ಷಣವೇ ಸರಿ. ಆದರೆ ಅದು ನಡೆಯುವವನ ಶಿಕ್ಷಣ. ಹತ್ತನೆಯ ತರಗತಿ ಮುಗಿಸಿ ಜೂನಿಯರ್ ಕಾಲೇಜಿಗೆ ಹೋದ ಹುಡುಗ ಸ್ಕೂಟರಿನ ಕೀಲಿಗೆ ಕೈ ಹಾಕುವ ಹೊತ್ತಿಗೆ ಆರ್‌ಎಸ್‌ಪಿ ಹಿಂದೆ ಉಳಿದಿರುತ್ತದೆ.

ಮಧ್ಯಮ ವರ್ಗ ತಾನೇ ಸ್ಟಿಯರಿಂಗ್ ಹಿಡಿಯಲು ಹೊರಟಾಗ ಮುಂಬೈಯಲ್ಲಿ ‘ಮೋಟಾರ್ ಟ್ರೇನಿಂಗ್ ಸ್ಕೂಲ್’ಗಳು ಬೆಳೆದವು. ಕುರ್ಲಾದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆಯಿಂದ 1950ರ ದಶಕದಲ್ಲಿ ಹೊರಬರತೊಡಗಿದ ಫಿಯಟ್ 1100, ಮುಂದೆ ಪ್ರೀಮಿಯರ್ ಪದ್ಮಿನಿಯಾದದ್ದು, ಈ ಊರಿನ ಟ್ಯಾಕ್ಸಿಯೂ ಹೌದು, ಪಾಠದ ಗಾಡಿಯೂ ಹೌದು. ಅದರ ಗೇರು ಕೋಲು ನೆಲದಲ್ಲಿರದೆ ಸ್ಟಿಯರಿಂಗಿನ ಬುಡದಲ್ಲಿತ್ತು. ಅದರಲ್ಲಿ ಕಲಿತವರು 1983ರ ಕೊನೆಗೆ ಬಂದ ಮಾರುತಿ 800ರಲ್ಲಿ ಕೂತಾಗ ಎಡಗೈಗೆ ಹೊಸ ಜಾಗ ಕಲಿಸಬೇಕಾಯಿತು.

ಪಾಠದ ಗಾಡಿಯ ಮುಖ್ಯ ಲಕ್ಷಣ ಜೋಡಿ ಪೆಡಲ್. ಕಲಿಸುವವನ ಕಾಲಡಿಯಲ್ಲೂ ಕ್ಲಚ್ಚು, ಬ್ರೇಕು ಇರುತ್ತವೆ. ಬೆಳಿಗ್ಗೆ ರಸ್ತೆ ತುಂಬುವ ಮೊದಲು ಅರ್ಧ ಗಂಟೆಯ ಪಾಠ. ಒಬ್ಬ ಶಿಷ್ಯ ತನ್ನ ಮನೆಯಿಂದ ಓಡಿಸಿಕೊಂಡು ಹೊರಟರೆ ಅವನ ಪಾಠ ಮುಗಿಯುವುದು ಮುಂದಿನ ಶಿಷ್ಯನ ಕಟ್ಟಡದ ಗೇಟಿನಲ್ಲಿ. ಪೆಡ್ಡರ್ ರೋಡಿನಂಥ ಏರಿನಲ್ಲಿ ಗಾಡಿ ಹಿಂದಕ್ಕೆ ಜಾರದಂತೆ ‘ಹಾಫ್ ಕ್ಲಚ್’ ಹಿಡಿದು ನಿಲ್ಲಿಸುವುದು ಇಲ್ಲಿ ದೊಡ್ಡ ವಿದ್ಯೆ. ಅದು ಶಿಷ್ಯನಿಗೆ ಬಂದಿದೆಯೋ, ಪಕ್ಕದಲ್ಲಿರುವವನ ಕಾಲಿಗೆ ಬಂದಿದೆಯೋ ಹೇಳುವುದು ಕಷ್ಟ. ಪಕ್ಕದ ಬ್ರೇಕು ಅಪಘಾತ ತಪ್ಪಿಸುವಷ್ಟೇ ಸಲೀಸಾಗಿ ಶಿಷ್ಯನ ತಪ್ಪನ್ನೂ ಮುಚ್ಚಿಹಾಕುತ್ತದೆ.

1988ರ ಮೋಟಾರು ವಾಹನ ಕಾಯ್ದೆ ಮತ್ತು 1989ರ ಕೇಂದ್ರ ನಿಯಮಗಳು ಈ ಶಾಲೆಗಳನ್ನು ದೇಶಾದ್ಯಂತ ಒಂದೇ ಚೌಕಟ್ಟಿಗೆ ತಂದವು. ಶಾಲೆಗೆ ಲೈಸೆನ್ಸ್ ಬೇಕು, ಕಾರಿನಲ್ಲಿ ಜೋಡಿ ನಿಯಂತ್ರಣ ಬೇಕು, ಗೋಡೆಗೆ ಸಂಚಾರ ಚಿಹ್ನೆಗಳ ಪಟ, ಕಪ್ಪು ಹಲಗೆ, ಎಂಜಿನ್ನಿನ ಭಾಗಗಳು ಬೇಕು. ಲಘು ವಾಹನಕ್ಕೆ ಕನಿಷ್ಠ 21 ದಿನದ ತರಬೇತಿ, ಅದರಲ್ಲಿ 10 ಗಂಟೆ ನಿಜವಾದ ಚಾಲನೆ. ಪ್ರಥಮ ಚಿಕಿತ್ಸೆಯೂ ಪಾಠಪಟ್ಟಿಯಲ್ಲಿದೆ. ಕಾಗದದ ಮೇಲೆ ಇದು ಕಳಪೆಯಲ್ಲ. ಆದರೆ ಸ್ವಂತ ಕಾರಿನವನು ಶಾಲೆಗೆ ಹೋಗಲೇಬೇಕೆಂಬ ಕಡ್ಡಾಯವಿರಲಿಲ್ಲ. ಅಪ್ಪನೋ ಅಣ್ಣನೋ ಕಲಿಸಿದರೂ ಆಗುತ್ತಿತ್ತು. ಹೋದವರೂ ಹೋದದ್ದು ಆರ್‌ಟಿಒ ಕಾಗದಪತ್ರದ ಕೆಲಸ ಸ್ಕೂಲಿನವರೇ ನೋಡಿಕೊಳ್ಳುತ್ತಾರೆಂದು. ತಾಡದೇವ್, ಅಂಧೇರಿ, ವಡಾಲಾ ಕಚೇರಿಗಳ ಸುತ್ತ ಪಾಠ ಮತ್ತು ಏಜೆಂಟರ ಕೆಲಸ ಒಂದಕ್ಕೊಂದು ಬೆರೆತವು. ಸ್ಕೂಲಿನ ಹೆಸರು ಉಳಿಯುವುದು ಎಷ್ಟು ಶಿಷ್ಯರಿಗೆ ಲೈಸೆನ್ಸ್ ಸಿಕ್ಕಿತು ಎಂಬುದರ ಮೇಲೆ. ಲೈಸೆನ್ಸ್ ಸಿಕ್ಕ ಮೊದಲ ವರ್ಷ ಅವರು ಹೇಗೆ ಓಡಿಸಿದರೆಂದು ಯಾರೂ ಲೆಕ್ಕ ಇಡಲಿಲ್ಲ.

ಅದೇ ಕಾಯ್ದೆ 16 ತುಂಬಿದವರಿಗೂ ಒಂದು ಕಿರುಬಾಗಿಲು ತೆರೆದಿತ್ತು. ಪೋಷಕರ ಲಿಖಿತ ಒಪ್ಪಿಗೆ ಇದ್ದರೆ 50 ಸಿಸಿ ಮೀರದ, ಗೇರಿಲ್ಲದ ದ್ವಿಚಕ್ರ ಓಡಿಸಬಹುದು. 1972ರಲ್ಲಿ ಪುಣೆಯ ಕೈನೆಟಿಕ್ ಎಂಜಿನಿಯರಿಂಗ್ ತಂದ ಪೆಡಲ್ ಇದ್ದ ಲೂನಾದಂಥ ಗಾಡಿಗಳಿಗೆ ಇದು ಒಪ್ಪುತ್ತಿತ್ತು. ಕ್ರಮೇಣ 50 ಸಿಸಿ ಗಾಡಿಗಳೇ ಮಾರುಕಟ್ಟೆಯಿಂದ ಮರೆಯಾದವು, ಸ್ಕೂಟರುಗಳು 100 ಸಿಸಿ ದಾಟಿದವು. ಕಾನೂನಿನ ಸಾಲು ಹಾಗೇ ಉಳಿಯಿತು, ಅದಕ್ಕೆ ತಕ್ಕ ಗಾಡಿ ಉಳಿಯಲಿಲ್ಲ. ಇತ್ತ ಗಂಟೆಗೆ 25 ಕಿಲೋಮೀಟರ್ ವೇಗ ಮೀರದ, 250 ವ್ಯಾಟ್‌ವರೆಗಿನ ಬ್ಯಾಟರಿ ದ್ವಿಚಕ್ರಗಳನ್ನು ನಿಯಮ ಮೋಟಾರು ವಾಹನವೆಂದೇ ಎಣಿಸುವುದಿಲ್ಲ. ಅವಕ್ಕೆ ಲೈಸೆನ್ಸೂ ಬೇಡ, ಪಾಠವೂ ಬೇಡ.

ಹದಿಹರೆಯದವರಿಗೆ ಶಾಲೆಯಲ್ಲೇ ಚಾಲನೆ ಕಲಿಸುವ ಪ್ರಯೋಗ ಬೇರೆಡೆ ಬಹಳ ಹಿಂದೆಯೇ ನಡೆದಿತ್ತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಅಮೋಸ್ ನೈಹಾರ್ಟ್ 1930ರ ದಶಕದಲ್ಲಿ ಹೈಸ್ಕೂಲು ಮಕ್ಕಳಿಗೆ ಪಾಠ ಶುರುಮಾಡಿದರು. ಆದರೆ ಜಾರ್ಜಿಯಾದ ಡಿಕಾಲ್ಬ್ ಕೌಂಟಿಯಲ್ಲಿ ಸುಮಾರು 16,000 ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನದಲ್ಲಿ, ತರಬೇತಿಯಿಂದ ಅಪಘಾತಗಳು ಬಹುಕಾಲ ತಗ್ಗಿದ್ದು ಕಾಣಲಿಲ್ಲ. ಕೈಚಳಕ ಬೇಗ ಬರುತ್ತದೆ, ಅಪಾಯವನ್ನು ಮುಂಚೆಯೇ ಕಾಣುವ ಕಣ್ಣು ನಿಧಾನವಾಗಿ ಬರುತ್ತದೆ. ಇದನ್ನರಿತ ನ್ಯೂಜಿಲೆಂಡ್ 1987ರಲ್ಲಿ ಹಂತಹಂತದ ಲೈಸೆನ್ಸ್ ತಂದಿತು. ಹೊಸಬ ಕೆಲವು ಕಾಲ ರಾತ್ರಿ ಹೊತ್ತು ಒಬ್ಬನೇ ಓಡಿಸುವಂತಿಲ್ಲ, ಗೆಳೆಯರನ್ನು ತುಂಬಿಕೊಂಡು ಹೋಗುವಂತಿಲ್ಲ. ಕ್ಲೀನರನ ದೀರ್ಘ ಉಮೇದುವಾರಿಕೆಯನ್ನೇ ಕಾನೂನು ಇಲ್ಲಿ ಬೇರೆ ರೂಪದಲ್ಲಿ ಮರಳಿ ತಂದಿತೆನ್ನಬಹುದು.

ಭಾರತ ಹಿಡಿದದ್ದು ಶಿಕ್ಷೆಯ ದಾರಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ 199ಎ ಕಲಮಿನಂತೆ ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ಹುಡುಗನಿಗೆ 25 ತುಂಬುವವರೆಗೆ ಲರ್ನರ್ ಲೈಸೆನ್ಸ್ ಇಲ್ಲ. 2024ರ ಮೇ 19ರಂದು ಪುಣೆಯ ಕಲ್ಯಾಣಿನಗರದಲ್ಲಿ 17ರ ಹುಡುಗ ಓಡಿಸುತ್ತಿದ್ದನೆನ್ನಲಾದ ಪೋರ್ಷೆ ಕಾರು ಇಬ್ಬರು ಎಂಜಿನಿಯರುಗಳನ್ನು ಬಲಿ ತೆಗೆದುಕೊಂಡಿತು. ಬಾಲ ನ್ಯಾಯಮಂಡಳಿ ಮೊದಲು ವಿಧಿಸಿದ ಜಾಮೀನು ಷರತ್ತುಗಳಲ್ಲಿ 300 ಪದಗಳ ಪ್ರಬಂಧವೂ ಒಂದು. ಜನಾಕ್ರೋಶದ ಬಳಿಕ ಆದೇಶ ಬದಲಾಯಿತು. ರಸ್ತೆ ಸುರಕ್ಷತೆಯ ಪಾಠವೊಂದು ಇಬ್ಬರು ಸತ್ತ ಮೇಲೆ, ಅದೂ ಪ್ರಬಂಧವಾಗಿ ಬಂದದ್ದು ಅಣಕದಂತಿತ್ತು.

ಪಾಠದ ಸುಧಾರಣೆಯೂ ನಡೆದಿಲ್ಲವೆಂದಲ್ಲ. 2021ರ ಜುಲೈಯಿಂದ ಜಾರಿಯಾದ ನಿಯಮಗಳಂತೆ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರದಲ್ಲಿ ಸಿಮ್ಯುಲೇಟರ್, ಸ್ವಂತ ಟ್ರ್ಯಾಕ್ ಇರಬೇಕು, ಲಘು ವಾಹನಕ್ಕೆ 29 ಗಂಟೆಯ ಪಾಠ ಆಗಬೇಕು. ಅಲ್ಲಿ ತೇರ್ಗಡೆಯಾದವನಿಗೆ ಆರ್‌ಟಿಒ ಚಾಲನಾ ಪರೀಕ್ಷೆಯಿಂದ ವಿನಾಯಿತಿ. ಇಂಥ ಕೇಂದ್ರಕ್ಕೆ ಎಕರೆ ಲೆಕ್ಕದ ಜಾಗ ಬೇಕು. ಕಾರು ನಿಲ್ಲಿಸಲೂ ಜಾಗವಿಲ್ಲದ ದಾದರ್‌ನಲ್ಲೋ ಅಂಧೇರಿಯಲ್ಲೋ ಅದು ಸಿಗುವ ಮಾತಲ್ಲ. ಅದೇ ವರ್ಷ ಮಹಾರಾಷ್ಟ್ರದಲ್ಲಿ ಲರ್ನರ್ ಲೈಸೆನ್ಸಿನ ಪರೀಕ್ಷೆ ಮನೆಯ ಕಂಪ್ಯೂಟರಿಗೇ ಬಂದಿತು. ಜನರಿಗೆ ಅನುಕೂಲವಾಯಿತು, ಕಲಿಕೆ ಹೆಚ್ಚಿತೆನ್ನಲು ಕಾರಣವಿಲ್ಲ. ಆ ಲೈಸೆನ್ಸ್ ಪಡೆದು 30 ದಿನ ಕಳೆದ 18ರ ಹುಡುಗ ಒಂದು ಚಾಲನಾ ಪರೀಕ್ಷೆ ಪಾಸಾದರೆ ಸಾಕು, ಅಂದೇ ರಾತ್ರಿ ನಾಲ್ವರು ಗೆಳೆಯರನ್ನು ಕೂರಿಸಿಕೊಂಡು ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಗೆ ಇಳಿಯಲು ಕಾನೂನಿನ ಅಡ್ಡಿಯಿಲ್ಲ.