ಕೊಲಾಬಾದಿಂದ ಕಂಡ ಅರುಣೋದಯ



ನಿಮ್ಮ ಮನೆಯಲ್ಲಿ ಯಾರಾದರೂ ಕನ್ನಡ ಎಂ.ಎ. ಓದುತ್ತಿದ್ದರೆ ಒಂದು ಪ್ರಶ್ನೆ ಕೇಳಿ ನೋಡಿ. ಹತ್ತೊಂಬತ್ತನೆಯ ಶತಮಾನದ ಕನ್ನಡ ಸಾಹಿತಿಗಳು ಯಾರು? ಥಟ್ಟನೆ ಬರುವ ಉತ್ತರ ಮುದ್ದಣ. ಆಮೇಲೆ ಮೌನ. ತಪ್ಪು ಮಕ್ಕಳದ್ದಲ್ಲ. ಬಹುಕಾಲ ನಮ್ಮ ಸಾಹಿತ್ಯ ಚರಿತ್ರೆಗಳೇ ಆ ನೂರು ವರ್ಷಗಳನ್ನು ಅವಸರದಲ್ಲಿ ದಾಟಿಬಿಡುತ್ತಿದ್ದವು. ಹಳೆಯದು ಮುಗಿದಿತ್ತು, ಹೊಸದು ಇನ್ನೂ ಹುಟ್ಟಿರಲಿಲ್ಲ, ನಡುವೆ ಬರೀ ಕತ್ತಲೆ ಎಂಬ ಭಾವನೆ.

ಆ ಭಾವನೆಯನ್ನು ಬದಲಿಸಿದ ಗ್ರಂಥ 'ಹೊಸಗನ್ನಡದ ಅರುಣೋದಯ'. 1974ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅದನ್ನು ಪ್ರಕಟಿಸಿತು. ಬರೆದವರು ಡಾ. ಶ್ರೀನಿವಾಸ ಹಾವನೂರ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅವರು ಗ್ರಂಥಪಾಲಕರಾಗಿದ್ದರು. ಸುತ್ತ ಭೌತಶಾಸ್ತ್ರ, ಗಣಿತದ ಪುಸ್ತಕಗಳು. ಮನಸ್ಸು ಮಾತ್ರ ಹಳೆಯ ಕನ್ನಡ ಅಚ್ಚಿನ ಹಾಳೆಗಳಲ್ಲಿ! ಮುಂದೆ ಅವರೇ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಮುಖ್ಯಸ್ಥರಾದರು. 2010ರಲ್ಲಿ ತೀರಿಕೊಂಡರು.

ಅವರು ಮಾಡಿದ್ದೇನು? ಮಹಾಕಾವ್ಯ ಎಲ್ಲಿದೆ ಎಂದಷ್ಟೇ ಹುಡುಕಲಿಲ್ಲ. ಶಾಲಾಪಠ್ಯ, ವ್ಯಾಕರಣ, ಪತ್ರಿಕೆ, ಅನುವಾದ, ನಾಟಕ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಆಗ ಚಿತ್ರವೇ ಬೇರೆಯಾಯಿತು. 1823ರಲ್ಲಿ ಕೆಂಪುನಾರಾಯಣನ ಗದ್ಯಕೃತಿ 'ಮುದ್ರಾಮಂಜೂಷ'. 1843ರಲ್ಲಿ ಮೊಗ್ಲಿಂಗರ 'ಮಂಗಳೂರ ಸಮಾಚಾರ', ಅದೂ ಕಲ್ಲಚ್ಚಿನಲ್ಲಿ. ಡೆಪ್ಯುಟಿ ಚನ್ನಬಸಪ್ಪನವರು ಷೇಕ್ಸ್‌ಪಿಯರನನ್ನು ಕನ್ನಡಕ್ಕೆ ತಂದರು. 1894ರಲ್ಲಿ ಕಿಟೆಲ್ ನಿಘಂಟು, 1899ರಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'. ಇವತ್ತು ನಾವು ಸುದ್ದಿ ಓದುವ, ಪತ್ರ ಬರೆಯುವ ಗದ್ಯ ಹದಗೊಂಡದ್ದು ಆ 'ಕತ್ತಲೆ'ಯಲ್ಲೇ.

ಇದರಲ್ಲಿ ನಮ್ಮ ಮುಂಬಯಿಯ ಪಾಲೂ ಉಂಟು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಧಾರವಾಡ, ಬೆಳಗಾವಿ, ವಿಜಾಪುರಗಳು ಮೊದಲೇ ಇದ್ದವು. ಹೊನ್ನಾವರದ ಹತ್ತಿರದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳ 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ' 1887ರಲ್ಲಿ ಅಚ್ಚಾದದ್ದು ಈ ಊರಿನಲ್ಲೇ. ಹಣಕ್ಕಾಗಿ ಎಳೆಯ ಹುಡುಗಿಯನ್ನು ಮುದುಕನಿಗೆ ಕೊಡುವ ಕನ್ಯಾವಿಕ್ರಯವನ್ನು ಅದು ಹವ್ಯಕರ ಆಡುಮಾತಿನಲ್ಲೇ ಗೇಲಿ ಮಾಡಿತು. ಕನ್ನಡದ ಮೊದಲ ಸಾಮಾಜಿಕ ನಾಟಕವೆಂದು ಅದಕ್ಕೆ ಹೆಸರು. ನೆರೆಯ ಮರಾಠಿಯಲ್ಲಿ ಇಂಥದ್ದೇ ವಿಷಯದ ದೇವಲರ 'ಸಂಗೀತ ಶಾರದಾ' ರಂಗಕ್ಕೆ ಬಂದದ್ದು 1899ರಲ್ಲಿ, ಹನ್ನೆರಡು ವರ್ಷ ತಡವಾಗಿ. 'ಶಾರದಾ' ನಿಮಗೆ ಗೊತ್ತಿರಬಹುದು. ಇಗ್ಗಪ್ಪ ಹೆಗಡೆ?

ಈ ಕಾಲದ ಬಗ್ಗೆ ಪ್ರಬಂಧ ಬರೆಯುವ ವಿದ್ಯಾರ್ಥಿಗಳಿಗೆ ಒಂದು ಮಾತು. ಗೈಡು ನೋಡಿ ಬರೆದರೆ ಗೈಡಿನಲ್ಲಿದ್ದದ್ದೇ ಬರುತ್ತದೆ. ಒಂದೇ ಒಂದು ಹಳೆಯ ಪುಸ್ತಕ ಹಿಡಿಯಿರಿ. ಮುಖಪುಟ ಓದಿ: ಯಾವ ಊರು, ಯಾವ ಛಾಪಖಾನೆ, ಬೆಲೆ ಎಷ್ಟು? ಮುನ್ನುಡಿ ಓದಿ: ಲೇಖಕ ಯಾರಿಗಾಗಿ ಬರೆದ, ಯಾರಿಗೆ ಹೆದರಿದ? ಕನ್ನಡ ಓದಬಲ್ಲವರು ಎಷ್ಟಿದ್ದರು, ಹೆಣ್ಣುಮಕ್ಕಳು ಓದುತ್ತಿದ್ದರೇ ಎಂದು ಕೇಳಿಕೊಳ್ಳಿ. ಅಲ್ಲಿಗೆ ನಿಮ್ಮದೇ ಪ್ರಬಂಧ ಶುರುವಾಯಿತು.

ಉಳಿದ ನಮಗೂ ಕೆಲಸವಿದೆ. ಡೊಂಬಿವಲಿಯಲ್ಲೋ ಮಾಟುಂಗದಲ್ಲೋ ಮನೆ ಖಾಲಿ ಮಾಡುವಾಗ ಅಜ್ಜನ ಟ್ರಂಕಿನ ಪುಸ್ತಕಗಳು ಕಿಲೋ ಲೆಕ್ಕದಲ್ಲಿ ರದ್ದಿಯವನಿಗೆ ಹೋಗುತ್ತವೆ. ಮಕ್ಕಳಿಗೆ ಲಿಪಿ ಬಾರದಿದ್ದರೆ ಅದು ಬರೀ ಹಳೆ ಕಾಗದ. ತೂಗುವ ಮೊದಲು ಒಮ್ಮೆ ಇಸವಿ ನೋಡಿ. 1900ಕ್ಕಿಂತ ಹಿಂದಿನದಾದರೆ ಕಲೀನಾದ ಕನ್ನಡ ವಿಭಾಗಕ್ಕೆ ತೋರಿಸಿ. ಅಂಥ ಹಾಳೆಗಳು ಉಳಿದಿದ್ದರಿಂದಲೇ ಹಾವನೂರರು ಅರುಣೋದಯ ಕಂಡರು.