ಕುರುಬನೋ, ಕುರಿಗಾಹಿಯೋ

ಬೆಂಗಳೂರಿನ ದಂಡುಪ್ರದೇಶದಲ್ಲಿ, ಹಲಸೂರಿಗೆ ತಾಗಿದಂತೆ, ಮರ್ಫಿ ಟೌನ್ ಎಂಬ ಬಡಾವಣೆಯಿದೆ. ಆಂಗ್ಲರ ಕಾಲದ ಇಂಜಿನಿಯರರೊಬ್ಬರ ಹೆಸರನ್ನು ಹೊತ್ತಿರುವ ಇದು ದುಡಿಯುವ ಜನರ ವಾಸಕ್ಕೆಂದು ಏರ್ಪಟ್ಟದ್ದು. ಅಲ್ಲಿಯ ಕ್ರೈಸ್ತರ ಮನೆಗಳಲ್ಲಿ ಹೆಗಲ ಮೇಲೆ ಕುರಿಮರಿಯನ್ನು ಹೊತ್ತ ಯೇಸುವಿನ ಚಿತ್ರವನ್ನು ನಾನು ಅನೇಕ ಸಲ ಕಂಡಿದ್ದೇನೆ. ಆ ಓಣಿಗಳ ಮಕ್ಕಳು ಕುರಿಯನ್ನು ಕಾಣುವುದು ಹೆಚ್ಚಾಗಿ ಮಾಂಸದಂಗಡಿಯಲ್ಲಿ. ಆದರೂ ಮನೆಯಲ್ಲಿ ಸಾವು ಸಂಭವಿಸಿದಾಗ ಹಿರಿಯರು ತೆರೆಯುವುದು ದೇವರನ್ನು ಕುರಿ ಕಾಯುವವನೆಂದು ಕರೆಯುವ 23ನೆಯ ಕೀರ್ತನೆಯನ್ನೇ.

ಆ ದೇವರಿಗೆ ಅಲ್ಲಿ ಒಂದೇ ಹೆಸರಲ್ಲ. ತಮಿಳು ಬೈಬಲಿನಲ್ಲಿ ಆತ ‘ಮೇಯ್ಪನ್’; ನಮ್ಮ ಮೇವು, ಮೇಯಿಸು ಎಂಬ ಮಾತುಗಳ ಬಳಗದ ಪದ. ತೆಲುಗಿನವರಿಗೆ ‘ಕಾಪರಿ’, ಅಂದರೆ ಕಾವಲಿನವನು. ತಲೆಮಾರುಗಳಿಂದ ಕನ್ನಡ ಕ್ರೈಸ್ತರು ಓದಿಕೊಂಡು ಬಂದ ಬೈಬಲಿನಲ್ಲಾದರೋ ಆತ ‘ಕುರುಬ’. ಮೊದಲನೆಯದು ಉಣಿಸುವವನನ್ನು ಹೇಳುತ್ತದೆ, ಎರಡನೆಯದು ಕಾಯುವವನನ್ನು. ಮೂರನೆಯದು ಹೇಳುವುದು ಒಂದು ಕುಲವನ್ನು. ಕನ್ನಡದ ಈ ಆಯ್ಕೆಯೇ ನನ್ನ ಇಂದಿನ ವಿಷಯ.

ಮೂಲದಲ್ಲಿ ಕುಲದ ಮಾತಿಲ್ಲ. ಹೀಬ್ರೂ ಪದವೂ ಮೇಯಿಸು ಎಂಬ ಧಾತುವಿನಿಂದಲೇ ಬಂದದ್ದು; ಲ್ಯಾಟಿನ್ನಿನ ‘ಪಾಸ್ಟರ್’ ಕೂಡ ಹಾಗೆಯೇ. ಪಶ್ಚಿಮ ಏಷ್ಯದಲ್ಲಿ ಇದು ಮೊದಲು ಅರಸರ ಬಿರುದಾಗಿತ್ತು. ಬ್ಯಾಬಿಲೋನಿನ ಹಮ್ಮುರಾಬಿ ತನ್ನನ್ನು ಪ್ರಜೆಗಳ ಕುರಿಗಾರನೆಂದೇ ಹೇಳಿಕೊಂಡಿದ್ದಾನೆ. ಪ್ರವಾದಿ ಯೆಹೆಜ್ಕೇಲನು ಆ ಬಿರುದನ್ನು ಅರಸರಿಂದ ಕಿತ್ತುಕೊಂಡ. ಮಂದೆಯನ್ನು ಮೇಯಿಸದೆ ತಾವೇ ಮೇದು ಕೊಬ್ಬಿದವರೆಂದು ಇಸ್ರಾಯೇಲಿನ ನಾಯಕರನ್ನು ಆತ ಜರಿದಿರುವುದು ಇಂದಿಗೂ ಓದತಕ್ಕದ್ದು. ಯೋಹಾನನ ಸುವಾರ್ತೆಯಲ್ಲಿ ಯೇಸು ತಾನೇ ಆ ಒಳ್ಳೆಯ ಕುರಿಕಾಯುವವನೆನ್ನುತ್ತಾನೆ. ತೋಳ ಬಂದಾಗ ಓಡಿಹೋಗುವ ಕೂಲಿಯಾಳಿಗೂ ತನಗೂ ಭೇದವೆಣಿಸುತ್ತಾನೆ. ಕೂಲಿಯಿಂದಲೇ ಹೊಟ್ಟೆ ಹೊರೆದ ಮರ್ಫಿ ಟೌನಿನಂಥ ಕಡೆ ಈ ಮಾತು ಕಿವಿಗೆ ಹೇಗೆ ಬಿದ್ದೀತೆಂದು ನಾನು ಯೋಚಿಸಿದ್ದುಂಟು! ರೋಮಿನ ನೆಲದಡಿಯ ಸಮಾಧಿಗುಹೆಗಳಲ್ಲಿ, 3ನೆಯ ಶತಮಾನದ ವೇಳೆಗಾಗಲೇ, ಮರಿಯನ್ನು ಹೊತ್ತ ಗಡ್ಡವಿಲ್ಲದ ತರುಣನ ಚಿತ್ರಗಳಿವೆ. ಶಿಲುಬೆಯ ಮೇಲಿನ ಕ್ರಿಸ್ತನನ್ನು ಚಿತ್ರಿಸುವ ರೂಢಿ ಬಂದದ್ದು ಅದಕ್ಕೂ ಬಹಳ ತಡವಾಗಿ.

ದಂಡಿಗೆ ಈ ಹೆಸರು ಫ್ರಾನ್ಸಿನಿಂದಲೂ ಬಂದಿತು. ಆಂಜೇ ಪಟ್ಟಣದಲ್ಲಿ 1835ರಲ್ಲಿ ರೂಪುಗೊಂಡ ಸನ್ಯಾಸಿನಿಯರ ಸಂಘವೊಂದು 1854ರಲ್ಲಿ ಬೆಂಗಳೂರಿಗೆ ಬಂದು ಶಾಲೆ ತೆರೆಯಿತು. 1886ರಲ್ಲಿ ಸೇಂಟ್ ಮಾರ್ಥಾ ಆಸ್ಪತ್ರೆಯನ್ನು ಸ್ಥಾಪಿಸಿತು. ಅವರ ‘ಬಾನ್ ಪಾಸ್ತರ್’ ಇಲ್ಲಿ ‘ಗುಡ್ ಶೆಪರ್ಡ್’ ಆಯಿತು. ಅದು ಕನ್ನಡವಾಗಲೇ ಇಲ್ಲ.

ಕನ್ನಡವಾದದ್ದು ಬೇರೆ ಕಡೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಅವರೂ ವಿಲಿಯಂ ರೀವ್ ಅವರೂ ಶ್ರಮಿಸಿದ ಸಂಪೂರ್ಣ ಕನ್ನಡ ಬೈಬಲು 1831ರಲ್ಲಿ ಪೂರ್ತಿಯಾಯಿತು. ಬಳ್ಳಾರಿಯೋ ಅಪ್ಪಟ ಕುರಿಯ ಸೀಮೆ. ಒಂದು ಕುರಿತಳಿಯೇ ಆ ಊರಿನ ಹೆಸರಿನಲ್ಲಿದೆ. ಕನ್ನಡ ಬೈಬಲು ಹುಟ್ಟಿದ್ದು ಕಂಬಳಿ ಹೊದ್ದು ಮಂದೆಯೊಂದಿಗೆ ಊರೂರು ಅಲೆಯುವವರ ನಾಡಿನಲ್ಲಿ, ಬೆಳೆ ಕೊಯ್ದ ಹೊಲದಲ್ಲಿ ರಾತ್ರಿ ಕುರಿಗಳನ್ನು ತಂಗಿಸಿ ರೈತನ ನೆಲಕ್ಕೆ ಗೊಬ್ಬರ ಕೊಡುವವರ ನಡುವೆ.

ಆದರೆ ‘ಕುರುಬ’ ಬರಿಯ ಕಸುಬಿನ ಹೆಸರಲ್ಲ. ಬೇಸಾಯವನ್ನೇ ನಂಬಿದ ಕುರುಬರಿದ್ದಾರೆ. ಜೇನು ಕುರುಬರು, ಬೆಟ್ಟ ಕುರುಬರು ಕಾಡಿನವರು, ಅವರಿಗೆ ಕುರಿಯ ಸೋಂಕೇ ಇಲ್ಲ. ಹಾಲುಮತದವರಿಗೆ ಬೀರಪ್ಪನಿದ್ದಾನೆ, ಡೊಳ್ಳಿದೆ, ಕನಕದಾಸರಿದ್ದಾರೆ. ಮೈಲಾರನ ಮಡದಿಯರಲ್ಲಿ ಒಬ್ಬಳು ಕುರುಬರ ಹೆಣ್ಣೆಂದು ನಮ್ಮ ಜನಪದ ಹೇಳುತ್ತದೆ. ದೇವರನ್ನು ಕುರುಬನೆಂದಾಗ ಇಷ್ಟೂ ಅರ್ಥಗಳು ಆ ವಾಕ್ಯದೊಳಕ್ಕೆ ನುಗ್ಗುತ್ತವೆ. ಮೇಲುಕುಲದ ಓದುಗ ನಕ್ಕಿರಬಹುದು. ಕುರುಬರವನೊಬ್ಬ ಅದನ್ನು ಕೇಳಿದ್ದರೆ ತಲೆಯೆತ್ತಿರಲೂಬಹುದು.

ನಮ್ಮಲ್ಲಿ ‘ಪಶುಪತಿ’ ಇಲ್ಲವೇ ಎಂದು ಕೆಲವರು ಕೇಳುತ್ತಾರೆ. ಇದ್ದಾನೆ, ಹೋಲಿಕೆ ಮಾತ್ರ ಅರ್ಧ ದಾರಿಗೇ ನಿಲ್ಲುತ್ತದೆ. ಶೈವರ ಪಶು ಎಂದರೆ ಪಾಶದಿಂದ ಕಟ್ಟುಬಿದ್ದ ಜೀವ. ಪತಿಯ ಕೃಪೆ ಆ ಹಗ್ಗವನ್ನು ಬಿಚ್ಚುತ್ತದೆ. ಲೂಕನ ಸಾಮತಿಯ ಕುರಿಗೆ ಹಗ್ಗವೇ ಇಲ್ಲ. ಅದು ಮಂದೆಯಿಂದ ಅಗಲಿ ದಾರಿ ತಪ್ಪಿದೆ; ಉಳಿದ 99ನ್ನು ಅಡವಿಯಲ್ಲಿ ಬಿಟ್ಟು ಒಡೆಯನೇ ಹುಡುಕಿ ಹೊರಡುತ್ತಾನೆ. ಒಂದರಲ್ಲಿ ಬಂಧನವೇ ದುಃಖ, ಮತ್ತೊಂದರಲ್ಲಿ ಅಗಲಿಕೆ. ಇವೆರಡನ್ನೂ ಒಂದೇ ಎನ್ನುವ ಅವಸರದ ಸಮನ್ವಯ ನನಗೆ ಒಪ್ಪಿಗೆಯಿಲ್ಲ.

ಕಥೋಲಿಕರು ಬಳಸುವ ಹೊಸ ಅನುವಾದದಲ್ಲಿ ‘ಕುರುಬ’ನಿಲ್ಲ, ‘ಕುರಿಗಾಹಿ’ ಇದ್ದಾನೆ. ಪದ ಚೆಲುವಾದುದು. ಕಾಯು ಎಂಬ ಧಾತುವಿನಿಂದ ಬಂದು ತೆಲುಗಿನ ಕಾಪರಿಗೆ ನೆಂಟನಾಗುತ್ತದೆ, ಯಾವ ಜಾತಿಯನ್ನೂ ಮುಟ್ಟುವುದಿಲ್ಲ. ಮೂಲಕ್ಕೆ ಇದೇ ಹತ್ತಿರವೆಂಬುದನ್ನು ಭಾಷೆಯ ವಿದ್ಯಾರ್ಥಿಯಾಗಿ ನಾನು ಒಪ್ಪುತ್ತೇನೆ. ಆದರೂ ನನ್ನ ಮನಸ್ಸು ಹಳೆಯ ಪದದ ಕಡೆಗೇ ವಾಲುತ್ತದೆ. ಹುಟ್ಟಿನಿಂದ ಮನುಷ್ಯನನ್ನು ಅಳೆಯುವ ಸಮಾಜದಲ್ಲಿ, ದೇವರಿಗೆ ಆ ಅಳತೆಗೋಲಿನ ಕೆಳತುದಿಯ ಒಂದು ಹೆಸರನ್ನು ಕೊಟ್ಟದ್ದು, ತಿಳಿದು ಮಾಡಿದ್ದಾಗಲಿ ತಿಳಿಯದೆ ಮಾಡಿದ್ದಾಗಲಿ, ಸಣ್ಣ ಸಂಗತಿಯಲ್ಲ. ಕುರಿಗಾಹಿಯ ಹೆಗಲ ಮೇಲೆ ಆ ಕಂಬಳಿ ಕಾಣಿಸುವುದಿಲ್ಲ.

ಇನ್ನೊಂದು ವಿನೋದವಿದೆ. ‘ಪಾಸ್ಟರ್’ ಎಂದರೂ ಕುರಿಕಾಯುವವನೇ. ಕನ್ನಡದ ಪ್ರಾಟೆಸ್ಟಂಟ್ ಸಭೆಗಳು ಅವನನ್ನು ಕುರುಬನೆನ್ನದೆ ‘ಸಭಾಪಾಲಕ’ ಎಂದವು. ದೇವರಿಗೆ ಕನ್ನಡದ ಪದ ಸಾಕಾಯಿತು, ಪಾದ್ರಿಗೆ ಸಂಸ್ಕೃತವೇ ಬೇಕಾಯಿತು! ಇಂದು ಎರಡು ಅನುವಾದಗಳೂ ಬಳಕೆಯಲ್ಲಿವೆ. ಹಳೆಯ ಪಾಠದಲ್ಲಿ ಕೀರ್ತನೆಯನ್ನು ಬಾಯಿಪಾಠ ಮಾಡಿದವರು ಪುಸ್ತಕ ತೆರೆಯದೆಯೇ ಕುರುಬನೆನ್ನುತ್ತಾರೆ.