ಕಾವೇರಿಯ ಎರಡು ದಡಗಳ ತೀರ್ಪುಗಳೂ ಅವುಗಳ ಪ್ರಾಮಾಣ್ಯವೂ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳ ಭೂಸ್ವತ್ತಿನ ಚರಿತ್ರೆಯನ್ನು ಬರೆಯುವವರು ಶಾಸನಗಳನ್ನೂ ಕೈಫಿಯತ್ತುಗಳನ್ನೂ ಆಸಕ್ತಿಯಿಂದ ಹುಡುಕುವರು; ನ್ಯಾಯಸ್ಥಾನಗಳ ಅಚ್ಚಾದ ತೀರ್ಪುಗಳನ್ನು ಮಾತ್ರ ವಕೀಲರ ಪಾಲಿಗೆ ಬಿಟ್ಟುಬಿಡುವರು. ಕೆಲವರು ಅವನ್ನು ಉದಾಹರಿಸಿದರೂ ಯಾವ ಪೀಠದ್ದು, ಯಾವ ಕಾಲದ್ದೆಂದು ವಿಚಾರಿಸುವುದಿಲ್ಲ. ಇದರಿಂದಾಗುವ ಪ್ರಮಾದವು ಅಲ್ಪವಲ್ಲವೆಂಬುದಕ್ಕೆ ಒಂದು ನಿದರ್ಶನವನ್ನು ಕೊಡುವೆನು.

ಕನಕಪುರ ತಾಲ್ಲೂಕಿನ ದಕ್ಷಿಣದ ಎಲ್ಲೆಯಲ್ಲಿ ಕಾವೇರಿಯು ಸಂಗಮವನ್ನು ದಾಟಿ ಮೇಕೆದಾಟಿನ ಕಡೆಗೆ ಹರಿಯುವುದು. 1956ನೆಯ ಇಸವಿ ನವೆಂಬರ್ 1ರ ವರೆಗೆ ಈಚೆಯ ದಡವು ಮೈಸೂರು. ಆಚೆಯ ಕೊಳ್ಳೇಗಾಲ ತಾಲ್ಲೂಕು ಮದರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯದು. ಎರಡು ದಡದವರಿಗೂ ಭಾಷೆ ಒಂದೇ; ದಾಯವಿಭಾಗಕ್ಕೆ ಆಧಾರವಾದ ಗ್ರಂಥವೂ ಒಂದೇ. ಅದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರಾ. ಆದರೆ ಅದರ ಅರ್ಥವನ್ನು ನಿರ್ಣಯಿಸುವ ಪೀಠಗಳು ಬೇರೆ. ಕೊಳ್ಳೇಗಾಲದವರಿಗೆ ಮದರಾಸಿನ ಹೈಕೋರ್ಟು, ಅದರ ಮೇಲೆ ಲಂಡನ್ನಿನ ಪ್ರಿವಿ ಕೌನ್ಸಿಲು. ಕನಕಪುರದವರಿಗೆ 1884ರಲ್ಲಿ ಏರ್ಪಟ್ಟು 1930ರಲ್ಲಿ ಹೈಕೋರ್ಟೆಂಬ ಹೆಸರನ್ನು ಪಡೆದ ಮೈಸೂರಿನ ಚೀಫ್ ಕೋರ್ಟು. ಪ್ರಿವಿ ಕೌನ್ಸಿಲಿನ ಮಾತು ಮದರಾಸಿಗೆ ವಿಧಿ, ಮೈಸೂರಿಗೆ ಗೌರವಾರ್ಹವಾದ ಅಭಿಪ್ರಾಯ ಮಾತ್ರ.

1933ರಲ್ಲಿ ಈ ಅಂತರವು ಮತ್ತಷ್ಟು ಹಿರಿದಾಯಿತು. ಆ ವರ್ಷದ 10ನೆಯ ಕಾಯಿದೆಯಿಂದ ಮೈಸೂರು ಸಂಸ್ಥಾನವು ಅವಿಭಕ್ತ ಕುಟುಂಬದ ವಿಭಾಗಕಾಲದಲ್ಲಿ ತಾಯಿ, ವಿಧವೆ, ಅವಿವಾಹಿತ ಪುತ್ರಿ ಮೊದಲಾದವರಿಗೆ ಗೊತ್ತಾದ ಸಂದರ್ಭಗಳಲ್ಲಿ ಪಾಲನ್ನು ವಿಧಿಸಿತು. ಬ್ರಿಟಿಷ್ ಇಂಡಿಯಾದ 1937ರ ಕಾಯಿದೆಯು ವಿಧವೆಯರನ್ನಷ್ಟೇ ನೆನೆಯಿತು. ಅದೂ ಪ್ರಾಂತಗಳ ವ್ಯವಸಾಯದ ಭೂಮಿಗೆ ಅನ್ವಯಿಸದೆಂದು 1941ರಲ್ಲಿ ಫೆಡರಲ್ ಕೋರ್ಟು ತೀರ್ಮಾನಿಸಿತು. ಮದರಾಸು ಅದನ್ನು ಭೂಮಿಗೂ ವಿಸ್ತರಿಸಿದುದು 1947ರಲ್ಲಿ. ಆದುದರಿಂದ 1945ರಲ್ಲಿ ತಂದೆಮಕ್ಕಳು ಗದ್ದೆಯನ್ನು ಹಂಚಿಕೊಂಡರೆ ಕನಕಪುರದ ಕನ್ಯೆಯು ಪಾಲನ್ನು ಕೇಳಬಹುದಾಗಿತ್ತು. ಹೊಳೆಯಾಚೆಯ ಅವಳ ಓರಗೆಯವಳಿಗೆ ಅನ್ನವಸ್ತ್ರ, ಮದುವೆಯ ವೆಚ್ಚ ಇಷ್ಟೇ. ಮದರಾಸಿನ ತೀರ್ಪೊಂದನ್ನು ಹಿಡಿದು ಚನ್ನಪಟ್ಟಣದಲ್ಲಿಯೂ ಹೆಣ್ಣಿಗೆ ಪಾಲಿರಲಿಲ್ಲವೆಂದು ಬರೆದರೆ, ಕಾಯಿದೆಯು ಕೊಟ್ಟುದನ್ನು ಚರಿತ್ರಕಾರನು ಕಿತ್ತುಕೊಂಡಂತಾಗುವುದು.

ಉಲ್ಲೇಖದ ಅಕ್ಷರಗಳನ್ನು ಬಿಡಿಸಿ ಓದಿದರೆ ಈ ದೋಷವು ತಪ್ಪುವುದು. ‘ಎ. ಐ. ಆರ್. 1968 ಎಸ್. ಸಿ. 209’ ಎಂಬಲ್ಲಿ ಮೊದಲನೆಯದು ಆಲ್ ಇಂಡಿಯಾ ರಿಪೋರ್ಟರ್ ಎಂಬ ಗ್ರಂಥಮಾಲೆ, ಅನಂತರ ಸಂಪುಟದ ವರ್ಷ, ಸುಪ್ರೀಂ ಕೋರ್ಟು, ಪುಟ. ಮೈಸೂರಿನ ಆ 1933ರ ಕಾಯಿದೆಯ 8ನೆಯ ಪ್ರಕರಣವನ್ನೇ ವ್ಯಾಖ್ಯಾನಿಸಿದ ತೀರ್ಪಿದು. ಹೊರಬಿದ್ದುದು 1967ರಲ್ಲಿ, ಸಂಪುಟವು 1968ರದು, ಕಾಯಿದೆಯೋ ಸಂಸ್ಥಾನದ ಕಾಲದ್ದು. ಮೂರು ಕಾಲಗಳು ಒಂದೇ ಸಾಲಿನಲ್ಲಿ ಅಡಗಿವೆ. ಸಂವಿಧಾನದ 141ನೆಯ ಅನುಚ್ಛೇದದಂತೆ ಸುಪ್ರೀಂ ಕೋರ್ಟು ಸಾರಿದ ನ್ಯಾಯವು ಎಲ್ಲ ನ್ಯಾಯಸ್ಥಾನಗಳನ್ನೂ ಕಟ್ಟುವುದು ದಿಟ. ಆದರೆ ಇಲ್ಲಿ ಅರ್ಥವಿವರಣೆಗೆ ಒಳಗಾದ ಕಾಯಿದೆಯು ಹಳೆಯ ಮೈಸೂರಿನ ನೆಲದ್ದು. 1956ರ ರಾಜ್ಯ ಪುನರ್ವಿಂಗಡಣೆಯ ಕಾಯಿದೆಯು ಕೂಡ, ಬದಲಾವಣೆಯಾಗುವವರೆಗೆ ಆಯಾ ಪ್ರದೇಶದ ಕಾನೂನುಗಳನ್ನು ಅಲ್ಲಲ್ಲಿಯೇ ಉಳಿಸಿತು. ನಕ್ಷೆ ಒಂದಾದೊಡನೆ ನ್ಯಾಯವು ಒಂದಾಗಲಿಲ್ಲ.

ಹೆಸರುಗಳ ತೊಡಕೂ ಉಂಟು. 1973ರ ವರೆಗಿನ ‘ಮೈಸೂರು’ ಹೈಕೋರ್ಟೇ ಮುಂದಿನ ‘ಕರ್ನಾಟಕ’ ಹೈಕೋರ್ಟು. ಹಳೆಯ ವ್ಯಾಜ್ಯಗಳಲ್ಲಿ ರಾಮನಗರವನ್ನು ಹುಡುಕುವವರು ಕ್ಲೋಸ್‌ಪೇಟೆಯೆಂಬ ಹೆಸರನ್ನೂ, ಕನಕಪುರವನ್ನು ಅರಸುವವರು ಕಾನಕಾನಹಳ್ಳಿಯನ್ನೂ ನೋಡತಕ್ಕದ್ದು.